ನಾಯಿಗೆ ಐರಿಶ್, ನನಗೆ ಇಂಗ್ಲಿಷ್

ಬಾಬೀನ್ ಮುದುಕಿ ನಾಯಿಯ ಜೊತೆ ಐರಿಶ್ ಮಾತಾಡುತ್ತಾಳೆ. ಕೋಳಿಗಳ ಜೊತೆಯೂ ಐರಿಶ್. ಹೊಗೆ ಹಿಂದಕ್ಕೆ ಹೊಡೆದರೆ ಚಿಮಣಿಯನ್ನು ಬೈಯುವುದೂ ಐರಿಶ್‌ನಲ್ಲೇ. ದೇವರ ಹತ್ತಿರ ಮಾತಾಡುವಾಗಲಂತೂ ಕೇಳುವುದೇ ಬೇಡ. ಆದರೆ ಡಬ್ಲಿನ್‌ನಿಂದ ಬಂದ ತಂಗಿಯ ಮಗಳು ಇಮೆಲ್ಡಾ ಅಡುಗೆಮನೆಗೆ ಕಾಲಿಟ್ಟಳೋ, ಆ ನಾಲಗೆ ತಟಕ್ಕನೆ ಇಂಗ್ಲಿಷಿಗೆ ಹೊರಳಿಕೊಳ್ಳುತ್ತದೆ.

"ಆಚೆ ಹೋಗೋ ಸೋಮಾರಿ, ಕಾಲಡಿಗೇ ಬಂದು ಬೀಳ್ತೀಯಲ್ಲ," ಎಂದು ನಾಯಿಯನ್ನು ಐರಿಶ್‌ನಲ್ಲಿ ಗದರಿದವಳು, ಅದೇ ಉಸಿರಿನಲ್ಲಿ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು, "ನಿದ್ದೆ ಬಂತಾ ಮಗಳೇ?"

"ಚೆನ್ನಾಗಿ ಬಂತು ದೊಡ್ಡಮ್ಮ. ಹಾಲೆಲ್ಲಿದೆ?" ಎಂದಳು ಇಮೆಲ್ಡಾ ಐರಿಶ್‌ನಲ್ಲಿ. ಮೆಟ್ಟಿಲಿಳಿಯುವಾಗಲೇ ಬಾಯಲ್ಲಿ ಹೊರಳಿಸಿ ಹೊರಳಿಸಿ ಸಿದ್ಧಮಾಡಿಕೊಂಡು ಬಂದ ಮಾತು ಅದು.

"ಹಾಲು ಕಿಟಕಿ ಹತ್ರ ಇದೆ," ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು.

ಇಮೆಲ್ಡಾ ಹಲ್ಲು ಕಚ್ಚಿಕೊಂಡು ಚಹಾಕ್ಕೆ ಹಾಲು ಬೆರೆಸಿದಳು. ಐರಿಶ್ ಕಲಿತುಕೊಂಡು ಹೀಗೆ ಬರುತ್ತಿರುವುದು ಇದು ಮೂರನೆಯ ಬೇಸಿಗೆ. ಡಬ್ಲಿನ್‌ನಲ್ಲಿ ಔಷಧದಂಗಡಿ ಬಾಗಿಲು ಹಾಕಿ, ಒದ್ದೆ ಕೋಟಿನಲ್ಲೇ ಸಂಜೆ ಕ್ಲಾಸಿಗೆ ಓಡಿ, ತನ್ನ ಮಕ್ಕಳ ವಯಸ್ಸಿನವರ ಪಕ್ಕ ಕೂತು ಕಲಿತಿದ್ದಾಳೆ. ರೇಡಿಯೊ ಕೇಳಿದ್ದಾಳೆ, ಪಾತ್ರೆ ತೊಳೆಯುತ್ತ ಗೋಡೆಗೆ ಮಾತಾಡಿದ್ದಾಳೆ. ಐವತ್ತು ದಾಟಿದ ಮೇಲೆ ಯಾರಿಗೆ ಬೇಕು ಈ ಗೋಳು? ಅವಳಿಗೆ ಬೇಕಿತ್ತು. ಏಕೆ ಬೇಕಿತ್ತು ಎಂದು ಹೇಳದೆ ಮುಂದೆ ಹೋದರೆ ಅವಳನ್ನು ಹುಚ್ಚಿ ಅಂದುಕೊಳ್ಳುತ್ತೀರಿ.

ಅವಳ ತಾಯಿ ಬ್ರೀಜ್ ಇದೇ ಮನೆಯಲ್ಲಿ, ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಾನಮಾರಾದ ಈ ಕಲ್ಲುನೆಲದಲ್ಲಿ, ಐರಿಶ್ ಬಿಟ್ಟರೆ ಬೇರೆ ಮಾತಿಲ್ಲದೆ ಬೆಳೆದವಳು. ಹದಿನಾರಕ್ಕೆ ಡಬ್ಲಿನ್‌ನ ದೊಡ್ಡ ಮನೆಯೊಂದಕ್ಕೆ ಕೆಲಸಕ್ಕೆ ಹೋದಳು, ಅಲ್ಲೇ ಮದುವೆಯಾದಳು, ಮಗಳನ್ನು ಇಂಗ್ಲಿಷಿನಲ್ಲಿ ಬೆಳೆಸಿದಳು. ಮಗಳು ಶಾಲೆಯ ಐರಿಶ್ ಪಾಠವನ್ನು ಮೇಜಿನ ಮೇಲೆ ಹರಡಿಕೊಂಡು ಕಣ್ಣೀರು ಹಾಕುತ್ತಿದ್ದರೆ, ಆ ತಾಯಿ ಎದುರಿಗೇ ಕೂತು ಸ್ವೆಟರ್ ಹೆಣೆಯುತ್ತಿದ್ದಳು. "ನಿನ್ನ ಟೀಚರ್‌ನ ಕೇಳು," ಅಷ್ಟೇ. ಭಾನುವಾರ ಮಾತ್ರ ಫೋನೆತ್ತಿಕೊಂಡು, ಬಾಗಿಲು ಮುಚ್ಚಿಕೊಂಡು ಅಕ್ಕನ ಜೊತೆ ಐರಿಶ್‌ನಲ್ಲಿ ಹರಟುತ್ತಿದ್ದಳು. ಬಾಗಿಲ ಈಚೆ ನಿಂತ ಹುಡುಗಿಗೆ ಒಳಗಿನ ನಗು ಕೇಳುತ್ತಿತ್ತು. ಅಂಥ ನಗು ಆ ಮನೆಯಲ್ಲಿ ಬೇರೆ ಯಾವಾಗಲೂ ಕೇಳಿದ್ದಿಲ್ಲ. ಹಾಗೆ ನಗುವ ಹೆಂಗಸು ಯಾರೋ ತನಗೆ ಪರಿಚಯವೇ ಆಗಲಿಲ್ಲ ಎಂಬ ಸಂಕಟ ಇಮೆಲ್ಡಾಳಿಗೆ ಅಂದಿನಿಂದ ಇದೆ.

ಹೋದ ವರ್ಷ ಬ್ರೀಜ್ ತೀರಿಕೊಂಡಳು. ಆ ಹೆಂಗಸು ಆಡುತ್ತಿದ್ದ ಮಾತು ಈಗ ಉಳಿದಿರುವುದು ಬಾಬೀನ್‌ಳ ಬಾಯಲ್ಲಿ ಮಾತ್ರ. ಕ್ಲಾಸಿನ ಐರಿಶ್ ಅಲ್ಲ, ರೇಡಿಯೊದ್ದೂ ಅಲ್ಲ, ಈ ಮನೆಯದು. ಬಾಬೀನ್‌ಗೆ ಎಂಬತ್ತೊಂದು. ಆ ಬಾಯಿ ತನ್ನನ್ನು ಒಂದು ಸಲ, ಒಂದೇ ಸಲ, ಮನೆಯವಳನ್ನು ಮಾತಾಡಿಸುವ ಹಾಗೆ ಐರಿಶ್‌ನಲ್ಲಿ ಮಾತಾಡಿಸಲಿ ಎಂಬುದಷ್ಟೇ ಇಮೆಲ್ಡಾಳ ಆಸೆ. ಮುದುಕಿ ನೋಡಿದರೆ ಕೋಳಿಗೆ ಕೊಡುವ ಕಾಳನ್ನೂ ಇವಳಿಗೆ ಕೊಡಲೊಲ್ಲಳು.

ಬಾಬೀನ್ ಒಬ್ಬಳೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಆದರೆ ನಮ್ಮ ಕಡೆ ಊರಿಗೆ ಊರೇ ಹಾಗೆ. ಹೊರಗಿನವರು ಎದುರಿಗಿದ್ದರೆ ಇಂಗ್ಲಿಷಿಗೆ ಹೊರಳಬೇಕು, ಅದು ಮರ್ಯಾದೆ. ಹೊರಗಿನವರು ಐರಿಶ್‌ನಲ್ಲೇ ಗೋಗರೆದರೂ ಆ ಮರ್ಯಾದೆ ಬಿಡುವಂತಿಲ್ಲ. ಇಂಥ ಮರ್ಯಾದೆಗೆ ಬೆಂಕಿ ಹಾಕಬೇಕು ಎಂದು ನನಗೂ ಎಷ್ಟೋ ಸಲ ಅನ್ನಿಸಿದೆ, ಆದರೆ ನಾನೂ ಹಾಗೇ ಮಾಡುತ್ತೇನೆ.

ಅವತ್ತು ಬೆಳಿಗ್ಗೆ ಪಕ್ಕದ ಮನೆಯ ಕೋಲೀನ್ ಬಂಗುಡೆ ಮೀನಿನ ಗೊಂಚಲು ಹಿಡಿದು ಬಂದ. ಬಾಗಿಲಾಚೆಯಿಂದಲೇ ಅವನ ಐರಿಶ್ ಹೊಳೆಯ ಹಾಗೆ ಹರಿದು ಬರುತ್ತಿತ್ತು. "...ಆ ದೋಣಿ ನೋಡಿದ್ರೆ ಮುಳುಗೋಕೂ ಯೋಗ್ಯತೆ ಇಲ್ಲ ಬಾಬೀನ್, ಅವನು ಅದನ್ನ ನನಗೇ ಮಾರೋಕೆ..." ಎನ್ನುತ್ತ ಹೊಸಿಲು ದಾಟಿದವನು ಇಮೆಲ್ಡಾಳನ್ನು ಕಂಡ. "ಓ, ನೀನೂ ಇದೀಯಾ ಇಮೆಲ್ಡಾ. ಹವಾ ಚೆನ್ನಾಗಿದೆ ಅಲ್ವಾ," ಎಂದ ಇಂಗ್ಲಿಷಿನಲ್ಲಿ. ದೋಣಿಯ ಕಥೆ ಬಾಗಿಲಲ್ಲೇ ನಿಂತುಹೋಯಿತು.

"ದೋಣಿಯ ವಿಷಯ ಹೇಳಿ ಕೋಲೀನ್. ನನಗೆ ಅರ್ಥ ಆಗುತ್ತೆ," ಎಂದಳು ಇಮೆಲ್ಡಾ ಐರಿಶ್‌ನಲ್ಲಿ.

"ಅಯ್ಯೋ, ಅದೇನು ದೊಡ್ಡ ವಿಷಯ ಅಲ್ಲ ಬಿಡು."

"ನಾನೇನು ಪೊಲೀಸಿನವಳಾ? ನನ್ನ ಮುಖ ಕಂಡ ತಕ್ಷಣ ಎಲ್ಲರೂ ಬಾಯಿ ಬದಲಾಯಿಸ್ತೀರಲ್ಲ. ನನ್ನ ಐರಿಶ್ ಅಷ್ಟು ಕೆಟ್ಟದಾಗಿದ್ಯಾ?"

ಕೋಲೀನ್ ಮೀನನ್ನು ಸಿಂಕಿನಲ್ಲಿಟ್ಟು, ಕೈ ಪ್ಯಾಂಟಿಗೆ ಒರೆಸಿಕೊಂಡು ಯೋಚಿಸಿದ. "ಕೆಟ್ಟದಲ್ಲ ಕಣಮ್ಮ. ಬಹಳ ಚೊಕ್ಕ. ನಮ್ಮದು ಗದ್ದೆ ಬಟ್ಟೆ, ನಿಂದು ಚರ್ಚಿಗೆ ಹೋಗೋ ಬಟ್ಟೆ. ಎದುರಿಗೆ ನಿಂತ್ರೆ ನಮಗೇ ನಾಚಿಕೆ ಆಗುತ್ತೆ." ಅದನ್ನೂ ಇಂಗ್ಲಿಷಿನಲ್ಲೇ ಹೇಳಿ ಹೊರಟುಹೋದ.

"ಒಳ್ಳೆ ಮನುಷ್ಯ," ಎಂದಳು ಬಾಬೀನ್, ಇಂಗ್ಲಿಷಿನಲ್ಲಿ. ಇಮೆಲ್ಡಾಳಿಗೆ ಆ ಒಳ್ಳೆ ಮನುಷ್ಯನ ಬಂಗುಡೆಯನ್ನು ಕಿಟಕಿಯಿಂದ ಆಚೆ ಎಸೆಯುವಷ್ಟು ಕೋಪ ಬಂದಿತ್ತು.

ಆ ವಾರದ ಕೊನೆಗೆ ಸಮಾಧಿ ಭಾನುವಾರ. ನಮ್ಮಲ್ಲಿ ಬೇಸಿಗೆ ಮುಗಿಯುವ ಮೊದಲು ಪಾದ್ರಿ ಸ್ಮಶಾನಕ್ಕೆ ಬಂದು ಒಂದೊಂದು ಸಮಾಧಿಗೂ ತೀರ್ಥ ಚಿಮುಕಿಸಿ ಹೋಗುತ್ತಾರೆ. ಅವರವರ ಮನೆಯವರು ಅವರವರ ಸಮಾಧಿ ಕಾಯ್ದು ನಿಲ್ಲಬೇಕು. ಯಾರೂ ಇಲ್ಲದ ಸಮಾಧಿ ಕಂಡರೆ ಊರು ವರ್ಷವಿಡೀ ಆಡಿಕೊಳ್ಳುತ್ತದೆ. ಅದಕ್ಕೇ ಶುಕ್ರವಾರ ದೊಡ್ಡಮ್ಮ, ಮಗಳು ಇಬ್ಬರೂ ಕಳೆ ಕೀಳಲು ಹೋದರು. ಬ್ರೀಜ್ ಅಲ್ಲೇ ಇದ್ದಳು, ತನ್ನ ಅಪ್ಪ ಅಮ್ಮನ ಪಕ್ಕ. ಡಬ್ಲಿನ್‌ನಲ್ಲಿ ಹೂಳಬೇಡಿ, ಊರಿಗೆ ಒಯ್ಯಿರಿ ಎಂದು ಸಾಯುವ ಮುಂಚೆ ಅವಳೇ ಹೇಳಿದ್ದಳು.

ಬಾಬೀನ್ ಕಲ್ಲನ್ನು ಬ್ರಷ್ಷಿನಿಂದ ಉಜ್ಜುತ್ತ, ಕಲ್ಲಿಗೆ ಅಂಟಿದ ಪಾಚಿಯನ್ನು ಐರಿಶ್‌ನಲ್ಲಿ ಬೈಯುತ್ತಿದ್ದಳು. "ಎಲ್ಲಿಂದ ಬರ್ತೀಯೋ ದರಿದ್ರವೇ, ಹೋದ್ ತಿಂಗಳು ತಾನೆ ಚರ್ಮ ಸುಲಿದಿದ್ದೆ ನಿಂದು." ಆಮೇಲೆ ಇಮೆಲ್ಡಾ ಕಡೆ ನೋಡಿ ಇಂಗ್ಲಿಷಿನಲ್ಲಿ, "ಆ ಬಕೆಟ್ ಕೊಡ್ತೀಯಾ ಮಗಳೇ?"

ಇಮೆಲ್ಡಾ ಬಕೆಟ್ ಎತ್ತಿದಳು. ಕೊಡಲಿಲ್ಲ. ನೆಲಕ್ಕೆ ಕುಕ್ಕಿದಳು. ಅರ್ಧ ನೀರು ಅವಳ ಬೂಟಿನ ಮೇಲೇ ಚೆಲ್ಲಿತು.

"ಪಾಚಿ ಜೊತೆಗೂ ಮಾತಾಡ್ತೀಯಲ್ಲ ದೊಡ್ಡಮ್ಮ." ಅವಳಿಗೆ ಕೋಪದಲ್ಲಿ ಐರಿಶ್ ಕೈಕೊಟ್ಟಿತು, ಇಂಗ್ಲಿಷೇ ಬಂತು. "ನಾಯಿಗೆ ಐರಿಶ್, ನನಗೆ ಇಂಗ್ಲಿಷ್. ಕೋಳಿಗಿಂತ ಕಡೆಯಾದ್ನಾ ನಾನು? ಮೂರು ವರ್ಷದಿಂದ ನಿನ್ನ ಮುಂದೆ ಭಿಕ್ಷೆ ಬೇಡೋ ಹಾಗೆ ನಿಂತಿದೀನಿ. ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡ ಹಾಗಾಯ್ತು. ಸೋಮವಾರ ಬೆಳಿಗ್ಗೆ ಹೊರಡ್ತೀನಿ, ಇನ್ನು ಬರಲ್ಲ."

ಬಾಬೀನ್ ಬ್ರಷ್ಷನ್ನು ಕಲ್ಲಿನ ಮೇಲಿಟ್ಟಳು. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದಳು.

"ಕೋಳಿ ವಿಷಯದಲ್ಲಿ ಯಾರೂ ನನ್ನ ಕೈಲಿ ಆಣೆ ಮಾಡಿಸ್ಕೊಂಡಿಲ್ಲ," ಎಂದಳು, ಇಂಗ್ಲಿಷಿನಲ್ಲೇ.

"ಏನಂದೆ?"

"ನಿಮ್ಮಮ್ಮ ಮಾಡಿಸ್ಕೊಂಡ್ಲು. ಅಂಗೈಗೆ ಉಗುಳಿ ಕೈಮೇಲೆ ಕೈ ಹೊಡೆದು. ಸಂತೇಲಿ ಹಸು ವ್ಯಾಪಾರ ಕುದುರಿಸೋ ಹಾಗೆ. ನನ್ನ ಮಗಳ ಹತ್ರ ಒಂದು ಮಾತೂ ಐರಿಶ್ ಆಡಬಾರದು ಅಂತ."

ಬಾಬೀನ್ ಒಂದೊಂದೇ ಮಾತಾಗಿ ಹೇಳಿದಳು. ಇಮೆಲ್ಡಾಳಿಗೆ ಮೂರು ವರ್ಷವಿದ್ದಾಗ ಬ್ರೀಜ್‌ಗೆ ಹುಷಾರಿರಲಿಲ್ಲ. ಮಗುವನ್ನು ಇಲ್ಲಿ ತಂದು ಬಿಟ್ಟಿದ್ದಳು. ಚಳಿಗಾಲದಿಂದ ಶರತ್ಕಾಲದ ಕೊಯ್ಲಿನವರೆಗೂ ಮಗು ಬಾಬೀನ್‌ಳ ಸೊಂಟದ ಮೇಲೇ ಇತ್ತು. ತಾಯಿ ಕರೆದೊಯ್ಯಲು ಬಂದಾಗ ಮಗಳ ಬಾಯಲ್ಲಿ ಒಂದೂ ಇಂಗ್ಲಿಷ್ ಮಾತಿರಲಿಲ್ಲ.

"ಬರೀ ಐರಿಶ್, ಪಟಪಟಾಂತ. ನಾನು ಹೆಮ್ಮೆಯಿಂದ ತೋರಿಸ್ದೆ. ಅವಳು ಅಲ್ಲೇ ಅಂಗಳದಲ್ಲಿ ಕುಸಿದು ಕೂತ್ಲು. ಆ ದೊಡ್ಡ ಮನೇಲಿ ಅವಳನ್ನ ಊಟದ ಹೊತ್ತಿಗೆ ಕರೆಸಿ, ಏನಾದ್ರೂ ನಿಮ್ಮ ಭಾಷೇಲಿ ಹೇಳು ಅಂತ ಹೇಳ್ಸಿ, ನೆಂಟರಿಷ್ಟರೆಲ್ಲ ಸೇರಿ ನಗ್ತಿದ್ರಂತೆ. ನನಗಾಗಿದ್ದು ಇವಳಿಗಾಗೋದು ಬೇಡ ಅಂದ್ಲು. ಕೈ ಚಾಚಿದ್ಲು. ಏನು ಮಾಡ್ಲಿ, ಕೊಟ್ಟೆ."

ಅಂದರೆ ಈ ಮಾತು ತನ್ನ ಬಾಯಲ್ಲಿತ್ತು. ಇಮೆಲ್ಡಾಳಿಗೆ ಮೊದಲು ಹೊಳೆದದ್ದು ಅದೊಂದೇ. ಸಂಜೆ ಕ್ಲಾಸಿನಲ್ಲಿ ಹುಡುಗರ ನಡುವೆ ಬೆವರುತ್ತ ಹುಡುಕಿದ್ದು ತನ್ನದೇ ಬಾಯಿಂದ ಕಿತ್ತುಕೊಂಡದ್ದನ್ನು. ಸತ್ತ ತಾಯಿಯ ಮೇಲೆ ಅವಳಿಗೆ ಇಷ್ಟು ಸಿಟ್ಟು ಎಂದೂ ಬಂದಿರಲಿಲ್ಲ. ಸಾಯುವಾಗ ತಾನು ಮಾತ್ರ ಈ ಊರಿಗೆ, ಈ ಮಾತಿನ ನಡುವೆ ಮಲಗಲು ಬಂದಳಲ್ಲ, ಮಗಳನ್ನು ಬಾಗಿಲ ಆಚೆಯೇ ನಿಲ್ಲಿಸಿ.

"ಅವಳು ಸತ್ತಾಯ್ತಲ್ಲ ದೊಡ್ಡಮ್ಮ," ಎಂದಳು.

"ಬದುಕಿರೋರಿಗೆ ಕೊಟ್ಟ ಮಾತಾದ್ರೆ ಹೋಗಿ ವಾಪಸ್ ಕೇಳಬಹುದು. ಸತ್ತವರ ಹತ್ರ ಹೇಗೆ ಕೇಳೋದು?" ಎಂದಳು ಬಾಬೀನ್. ಮತ್ತೆ ಕೂತು ಕಲ್ಲುಜ್ಜತೊಡಗಿದಳು. ಈ ಸಲ ಪಾಚಿಯನ್ನೂ ಬೈಯಲಿಲ್ಲ.

ಶನಿವಾರ ಮನೆಯಲ್ಲಿ ಯಾವ ಭಾಷೆಯೂ ಹೆಚ್ಚು ಕೇಳಲಿಲ್ಲ. ಇಮೆಲ್ಡಾ ಬಟ್ಟೆ ಮಡಚಿ ಪೆಟ್ಟಿಗೆಗೆ ಹಾಕಿದಳು. ಬಾಬೀನ್ ಸೋಡಾ ರೊಟ್ಟಿ ಸುಟ್ಟಳು, ಎಂದೂ ಕರಕಲಾಗದ ರೊಟ್ಟಿ ಅಂದು ತಳ ಹಿಡಿಯಿತು.

ಭಾನುವಾರ ಮಧ್ಯಾಹ್ನ ಸ್ಮಶಾನದ ತುಂಬ ಜನ. ಮುದುಕರಿಗೆ ಮಡಚುವ ಕುರ್ಚಿ, ಮಕ್ಕಳ ಕೈಗೆ ಬಿಸ್ಕತ್ತು, ವ್ಯಾನಿನ ಮೇಲೊಂದು ಧ್ವನಿವರ್ಧಕ. ಪಾದ್ರಿ ದೂರದ ಮೂಲೆಯಿಂದ ಶುರುಮಾಡಿದ್ದರು. ಐರಿಶ್ ಜಪಮಾಲೆಯ ಪ್ರಾರ್ಥನೆ ಗಾಳಿಯಲ್ಲಿ ಹೋಗಿ ಬಂದು ಮಾಡುತ್ತಿತ್ತು. ಇಮೆಲ್ಡಾ ಬ್ರೀಜ್‌ಳ ಕಲ್ಲಿನ ಬಲಗಡೆ ನಿಂತಿದ್ದಳು, ಬಾಬೀನ್ ಎಡಗಡೆ. ಪ್ರಾರ್ಥನೆಗೆ ಇಮೆಲ್ಡಾ ಬಾಯಿ ತೆರೆಯಲಿಲ್ಲ. ತೆರೆದರೆ ತಾಯಿಯನ್ನು ಬೈದುಬಿಡುತ್ತೇನೋ ಎಂದು ಹೆದರಿಕೆ.

ಬಾಬೀನ್ ಇದ್ದಕ್ಕಿದ್ದ ಹಾಗೆ ಕೋಲೂರಿ ಒಂದು ಹೆಜ್ಜೆ ಮುಂದೆ ಬಂದಳು. ಕಲ್ಲಿನ ಕಡೆ ಬಗ್ಗಿದಳು.

"ಬ್ರೀಜ್," ಎಂದಳು, ಐರಿಶ್‌ನಲ್ಲಿ. "ಇಲ್ನೋಡು. ನಿನ್ ಮಗಳು ಪೆಟ್ಟಿಗೆ ಕಟ್ಟಿದಾಳೆ. ಹಟದಲ್ಲಿ ನಿನ್ನನ್ನೇ ಉಗುಳಿದ ಹಾಗಿದಾಳೆ, ಬರಲ್ಲ ಅಂದ್ರೆ ಬರಲ್ಲ. ನಂಗೂ ವಯಸ್ಸಾಯ್ತು. ನೀನು ತಗೊಂಡ ಮಾತು ನನ್ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಂಗೆ ಐವತ್ತು ವರ್ಷದಿಂದ ಕೂತಿದೆ. ವಾಪಸ್ ಕೊಡು. ಬೇಡ ಅನ್ನೋದಾದ್ರೆ ಈಗಲೇ ಹೇಳ್ಬಿಡು, ಕಾಯ್ತೀನಿ."

ಕಾದಳು. ನಿಜವಾಗಿಯೂ ಕಾದಳು, ತಲೆ ವಾಲಿಸಿಕೊಂಡು. ಪಕ್ಕದ ಸಮಾಧಿಯವರು ಕಣ್ಣು ತಗ್ಗಿಸಿದರು. ಎಲ್ಲೋ ಒಂದು ಮಗು ಕೆಮ್ಮಿತು. ಇಮೆಲ್ಡಾಳಿಗೆ ಒಂದೊಂದು ಮಾತೂ ಅರ್ಥವಾಗಿತ್ತು.

"ಸುಮ್ಮನಿದಾಳೆ," ಎಂದಳು ಬಾಬೀನ್ ಕಲ್ಲಿಗೇ. "ಬೇಡವಾಗಿದ್ರೆ ಸುಮ್ಮನಿರೋ ಹೆಂಗಸಲ್ಲ ಇವಳು. ಮುಗೀತು."

ಅಂಗೈಯನ್ನು ಕೋಟಿಗೆ ಉಜ್ಜಿ ಒರೆಸಿಕೊಂಡು, ಇಮೆಲ್ಡಾ ಕಡೆ ತಿರುಗಿದಳು. ಬಾಯಿ ತೆರೆದಳು.

"ಚಳಿ ಆಗ್ತಿದ್ಯಾ ಮಗಳೇ?"

ಇಂಗ್ಲಿಷ್.

ಬಾಬೀನ್‌ಳ ಮುಖವೇ ಕಪ್ಪಿಟ್ಟಿತು. ತುಟಿ ಬಿಗಿಹಿಡಿದು, ಗಲ್ಲ ಅಲ್ಲಾಡಿಸಿ, ಮತ್ತೆ ಯತ್ನಿಸಿದಳು. "ನಾನು..." ಅದೂ ಇಂಗ್ಲಿಷ್. ಮೂರನೆಯ ಸಲ ಬರೀ ಉಸಿರು ಬಂತು.

"ಕಣ್ಣು ಮುಚ್ಕೋ ದೊಡ್ಡಮ್ಮ," ಎಂದಳು ಇಮೆಲ್ಡಾ.

ಕಣ್ಣು ಮುಚ್ಚಿದಳು. "ಆಗ್ತಿಲ್ಲ ಕಣೇ," ಎಂದಳು, ಇಂಗ್ಲಿಷಿನಲ್ಲಿ. "ನಿನ್ನ ಮುಖಕ್ಕೆ ಐವತ್ತು ವರ್ಷ ಅದನ್ನೇ ಆಡಿದೀನಿ. ನೀನು ಅಂದ್ರೆ ಅದೇ ಬರುತ್ತೆ. ಕೊಟ್ಟ ಮಾತು ಹೋಯ್ತು, ನಾಲಗೆ ಹೊರಳ್ತಿಲ್ಲ."

ಮುದುಕಿಯ ಕಣ್ಣಲ್ಲಿ ನೀರು ಬಂದಿತ್ತು. ಅದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು. ಇಮೆಲ್ಡಾಳಿಗೆ ನಗಬೇಕೋ ಅಳಬೇಕೋ, ಆ ಕಲ್ಲಿಗೆ ಒದೆಯಬೇಕೋ ತಿಳಿಯಲಿಲ್ಲ. ಅನುಮತಿ ಸಿಕ್ಕಿತು, ಬಾಗಿಲು ತೆರೆಯಿತು, ನೋಡಿದರೆ ಒಳಗೆ ಇನ್ನೊಂದು ಬಾಗಿಲು. ಅದಕ್ಕೆ ಬೀಗ ಹಾಕಿದವರು ಯಾರೂ ಇಲ್ಲ, ಅದು ತುಕ್ಕು ಹಿಡಿದಿದೆ ಅಷ್ಟೇ.

ಬಾಬೀನ್ ಕೋಲನ್ನು ನೆಲಕ್ಕೆ ಕುಟ್ಟಿ ಕಲ್ಲಿನ ಕಡೆ ತಿರುಗಿದಳು. ಐರಿಶ್ ಕಟ್ಟೆಯೊಡೆದು ಬಂತು.

"ನೋಡಿದ್ಯಾ ಬ್ರೀಜ್ ನೀನು ಮಾಡಿದ ಕೆಲಸಾನ? ಹೊಟ್ಟೇಲಿ ಹುಟ್ಟದಿದ್ರೂ ನಾನೇ ಎತ್ತಿ ಆಡಿಸಿದ ಮಗು, ಅದರ ಎದುರಿಗೆ ಮೂಕಿ ಹಾಗೆ ನಿಲ್ಲಿಸ್ದೆ ನನ್ನ. ಮೂರು ವರ್ಷಕ್ಕೆ ಆ ಗೋಡೆ ಮೇಲೆ ಕೂತು ಸಮುದ್ರಕ್ಕೇ ಬೈತಿದ್ಲು ಇವಳು, ಹೋಗು ನಿಮ್ಮನೆಗೆ, ಹೋಗು ಅಂತ. ಆ ಬಾಯಿಗೆ ಬೀಗ ಹಾಕಿದ್ಯಲ್ಲೇ."

ಇಮೆಲ್ಡಾ ದೊಡ್ಡಮ್ಮನ ಮುಖ ನೋಡಲಿಲ್ಲ. ನೋಡಿದರೆ ಕೆಡುತ್ತದೆ ಎಂದು ಅವಳಿಗೆ ತಟ್ಟನೆ ಗೊತ್ತಾಯಿತು. ಅವಳೂ ಕಲ್ಲಿನ ಕಡೆಗೇ ಬಗ್ಗಿದಳು.

"ಅಮ್ಮ," ಎಂದಳು ಐರಿಶ್‌ನಲ್ಲಿ. "ಅವಳನ್ನ ಕೇಳು. ಸಮುದ್ರ ಹೋಗ್ತಿತ್ತಾ?"

ಬಾಬೀನ್ ಕೂಡ ತಿರುಗಿ ನೋಡಲಿಲ್ಲ. ಅವಳ ಕಣ್ಣೂ ಕಲ್ಲಿನ ಮೇಲೇ ಇತ್ತು.

"ಹೇಳು ಅವಳಿಗೆ ಬ್ರೀಜ್," ಎಂದಳು ಆಮೇಲೆ. "ಹೋಗ್ತಿತ್ತು. ಇಳಿತದ ಹೊತ್ತಿಗೆ ಹೋಗೇ ಹೋಗ್ತಿತ್ತು. ತಾನೇ ಓಡಿಸ್ದೆ ಅಂತ ಆ ಪುಟ್ಟಿ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿರ್ತಿದ್ಲು."

"ಮತ್ತೆ ವಾಪಸ್ ಬಂದಾಗ ನಾನೇನು ಮಾಡ್ತಿದ್ದೆ ಅಂತ ಕೇಳಮ್ಮ."

"ಅಳ್ತಿದ್ಲು ಅಂತ ಹೇಳು. ಮೋಸ ಮೋಸ ಅಂತ ಊರೆಲ್ಲ ಕೇಳೋ ಹಾಗೆ. ಆಮೇಲೆ ನನ್ನ ಕುತ್ತಿಗೆಗೆ ಬಿದ್ದು ನಿದ್ದೆ ಹೋಗ್ತಿದ್ಲು. ಇನ್ನೊಂದು ವಿಷಯ ಹೇಳು ಅವಳಿಗೆ, ಸ್ವಲ್ಪ ಉಸಿರು ತಗೊಂಡು ಮಾತಾಡಲಿ. ಪಾಠ ಒಪ್ಪಿಸೋ ಹಾಗೆ ಒದರ್ತಾಳೆ, ಕೇಳೋಕಾಗಲ್ಲ."

"ಅಮ್ಮ, ಸರಿ ಅಂತ ಹೇಳು ಅವಳಿಗೆ," ಎಂದಳು ಇಮೆಲ್ಡಾ. ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲು ಕೈ ಏಳಲಿಲ್ಲ.

ಪಾದ್ರಿ ಬಂದರು. ಇಬ್ಬರನ್ನೂ ಕಲ್ಲನ್ನೂ ಸೇರಿಸಿ ತೀರ್ಥ ಚಿಮುಕಿಸಿ, ಮುಂದಿನ ಸಮಾಧಿಗೆ ಹೋದರು. ಬಾಬೀನ್ ಶಿಲುಬೆ ಗುರುತು ಮಾಡಿಕೊಂಡು ಇಮೆಲ್ಡಾ ಕಡೆ ತಿರುಗಿದಳು. "ಮುಖ ಒರೆಸ್ಕೋ, ಜನ ನೋಡ್ತಿದಾರೆ," ಎಂದಳು. ಇಂಗ್ಲಿಷಿನಲ್ಲಿ.

ಗೇಟಿನ ಹತ್ತಿರ ಕೋಲೀನ್ ಸಿಕ್ಕಿದ. "ಆ ಬ್ರೀಜ್‌ನ ಏನು ಅಷ್ಟು ತರಾಟೆಗೆ ತಗೊಂಡ್ರಿ ಇಬ್ರೂ? ಸತ್ತ ಮೇಲಾದ್ರೂ ಬಿಡುವು ಬೇಡ್ವಾ ಅವಳಿಗೆ?" ಎಂದ.

"ನಿನ್ನ ಕೆಲಸ ನೋಡ್ಕೊಳ್ಳೋ," ಎಂದು ಬಾಬೀನ್ ಅವನಿಗೆ ಐರಿಶ್‌ನಲ್ಲಿ ಹೇಳಿ ಕಾರು ಹತ್ತಿದಳು.

ಇಮೆಲ್ಡಾ ಕಾರು ಓಡಿಸಿದಳು. ಸಮುದ್ರದ ಪಕ್ಕದ ಕಿರಿದಾರಿಯಲ್ಲಿ ಎದುರು ಬಂದ ಟ್ರಾಕ್ಟರಿಗೆ ಜಾಗ ಬಿಡಲು ಹಿಂದಕ್ಕೆ ಸರಿಯಬೇಕಾಯಿತು. ಅವಳಿಗೆ ಏನೋ ಸಿಕ್ಕಿತ್ತು, ಆದರೆ ಕೈಗೆ ಬಂದಿರಲಿಲ್ಲ. ಪಕ್ಕದಲ್ಲೇ ಕೂತ ಹೆಂಗಸಿನ ಜೊತೆ ಮಾತಾಡಲು ಸತ್ತವಳೊಬ್ಬಳು ನಡುವೆ ಬೇಕೆಂದರೆ ಯಾರಿಗೆ ತಾನೆ ಕೋಪ ಬರುವುದಿಲ್ಲ? ಮನೆ ಹತ್ತಿರ ಬಂತು.

"ನಿಮ್ಮಮ್ಮ ಒಂದು ಮಾತು ಹೇಳಿದ್ಲು," ಎಂದಳು ಬಾಬೀನ್ ಕೊನೆಗೆ, ಇಂಗ್ಲಿಷಿನಲ್ಲಿ, ಕಿಟಕಿಯಾಚೆ ನೋಡುತ್ತ.

"ಏನಂತೆ?"

"ನಾಳೆ ನಾವಿಬ್ರೂ ಮತ್ತೆ ಅವಳ ಸಮಾಧಿ ಹತ್ರ ಬರಬೇಕಂತೆ. ಮಳೆ ಬಂದ್ರೂ ಸರಿ, ಬರಬೇಕಂತೆ."

ಇಮೆಲ್ಡಾ ಗೇರು ಬದಲಿಸಿದಳು. ನಾಳೆ ಸೋಮವಾರ.

"ಬರ್ತೀನಿ ಅಂತ ಹೇಳು ಅವಳಿಗೆ," ಎಂದಳು.

"ನಾನ್ಯಾಕೆ ಹೇಳ್ಲಿ? ನೀನೇ ಹೇಳು, ನಾಳೆ," ಎಂದಳು ಬಾಬೀನ್. "ನಾನು ಪಕ್ಕದಲ್ಲಿ ನಿಂತು ಕೇಳಿಸ್ಕೋತೀನಿ."